ಚದರಕ್ಕೆ ಎಷ್ಟು ಇಂಗಾಲ?



ಮನೆ ಕಟ್ಟಿಸುವ ಮಾತು ಬಂದರೆ ನಮ್ಮಲ್ಲಿ ಮೊದಲು ಕೇಳುವುದು ‘ಎಷ್ಟು ಚದರ?’ ಎಂದು. ಅದರ ಬೆನ್ನಿಗೇ ಬರುವುದು ‘ಚದರಕ್ಕೆ ಎಷ್ಟು ಬೀಳುತ್ತೆ?’ ನೂರು ಚದರಡಿಗೆ ಒಂದು ಚದರ. ಪಳಗಿದ ಮೇಸ್ತ್ರಿಯಾದರೆ ನಕ್ಷೆ ಬಿಚ್ಚುವ ಮೊದಲೇ ಹೇಳಿಬಿಡುತ್ತಾರೆ: ಚದರಕ್ಕೆ 40 ಮೂಟೆ ಸಿಮೆಂಟು, 400 ಕೆಜಿ ಕಂಬಿ. ಗೃಹಪ್ರವೇಶ ಮುಗಿದ ಮೇಲೆ ಬಿಲ್ಲುಗಳನ್ನೆಲ್ಲ ಕೂಡಿ ನೋಡಿದರೆ ಲೆಕ್ಕ ಅದರ ಆಸುಪಾಸಿನಲ್ಲೇ ಇರುತ್ತದೆ. ಹಣದ ವಿಷಯದಲ್ಲಿ ಈ ಬಾಯಿಲೆಕ್ಕವನ್ನು ನಂಬಿ ನಾವು ಜೀವಮಾನದ ಉಳಿತಾಯವನ್ನೇ ಹೂಡುತ್ತೇವೆ. ಇಂಗಾಲದ ವಿಷಯ ಬಂದಾಗ ಮಾತ್ರ ಸಾಫ್ಟ್‌ವೇರ್ ಬೇಕು, ಕನ್ಸಲ್ಟೆಂಟ್ ಬೇಕು, ಸರ್ಟಿಫಿಕೇಟ್ ಬೇಕು ಎನ್ನುತ್ತೇವೆ. ಅವೆಲ್ಲ ಬರುವ ಹೊತ್ತಿಗೆ ಪಾಯ ಎದ್ದಿರುತ್ತದೆ. ಇಂಗಾಲವನ್ನೂ ಮೇಸ್ತ್ರಿಯ ಹಾಗೆ, ಮೊದಲ ಸ್ಕೆಚ್ಚಿನ ಮುಂದೆ ಕೂತು, ಚದರದ ಲೆಕ್ಕದಲ್ಲಿ ಅಂದಾಜು ಮಾಡಬಹುದು, ಹಾಗೆ ಮಾಡಿದರೆ ಮಾತ್ರ ಅದನ್ನು ಇಳಿಸಲು ಸಾಧ್ಯ ಎಂಬುದು ಇಂದಿನ ನನ್ನ ವಾದ.

ಕಟ್ಟಡ ಎರಡು ರೀತಿಯಲ್ಲಿ ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಸೇರಿಸುತ್ತದೆ. ದೀಪ, ಫ್ಯಾನು, ಗೀಸರು, ಏಸಿಗಳಿಂದ ವರ್ಷವರ್ಷವೂ ಹೊಮ್ಮುವುದು ಒಂದು. ಅದನ್ನು ಬಳಕೆಯ ಇಂಗಾಲ ಎನ್ನೋಣ. ಸಾಮಗ್ರಿಯನ್ನು ಅಗೆದು, ಸುಟ್ಟು, ಸಾಗಿಸಿ, ಕಟ್ಟುವಷ್ಟರಲ್ಲಿ, ಅಂದರೆ ಹಾಲುಕ್ಕಿಸುವ ಮೊದಲೇ ಖರ್ಚಾಗಿ ಹೋಗಿರುವುದು ಇನ್ನೊಂದು. ಇದು ಅಂತರ್ಗತ ಇಂಗಾಲ. ಮೊದಲನೆಯದನ್ನು ಆಮೇಲೂ ತಗ್ಗಿಸಬಹುದು: ಬಲ್ಬು ಬದಲಿಸಬಹುದು, ತಾರಸಿಗೆ ಸೌರಫಲಕ ಹಾಕಬಹುದು. ಎರಡನೆಯದು ಹೋದದ್ದು ಹೋಯಿತು. ತಾರಸಿಗೆ ಮೋಲ್ಡ್ ಹಾಕಿದ ಮರುದಿನ ಅದನ್ನು ವಾಪಸು ಪಡೆಯುವ ಉಪಾಯವಿಲ್ಲ.

ಈ ಅಂತರ್ಗತ ಇಂಗಾಲದಲ್ಲಿ ದೊಡ್ಡ ಪಾಲು ಸಿಮೆಂಟಿನದು. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ, ಮಳಖೇಡದ ಕಡೆ ಹೋದವರು ಅಲ್ಲಿನ ಸುಣ್ಣದಕಲ್ಲಿನ ಗಣಿಗಳನ್ನೂ ಎತ್ತರದ ಚಿಮಣಿಗಳನ್ನೂ ನೋಡಿರುತ್ತೀರಿ. ಆ ಕಲ್ಲನ್ನು ಪುಡಿಮಾಡಿ, ಜೇಡಿಯಂಥ ಪದಾರ್ಥ ಬೆರೆಸಿ, ತಿರುಗುವ ಗೂಡಿನಲ್ಲಿ ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಕ್ಲಿಂಕರ್ ಎಂಬ ಗೋಲಿಗಳು ಸಿಗುತ್ತವೆ. ಅದನ್ನು ಜಿಪ್ಸಮ್ ಸೇರಿಸಿ ಅರೆದರೆ ಸಿಮೆಂಟು. ಕಾಯಿಸಲು ಕಲ್ಲಿದ್ದಲು ಬೇಕು, ಅದರ ಹೊಗೆ ಎಲ್ಲರಿಗೂ ಗೊತ್ತು. ಆದರೆ ಹೊಗೆಯ ದೊಡ್ಡ ಪಾಲು ಬರುವುದು ಕಲ್ಲಿದ್ದಲಿನಿಂದಲ್ಲ, ಕಲ್ಲಿನಿಂದಲೇ. 100 ಕೆಜಿ ಶುದ್ಧ ಸುಣ್ಣದಕಲ್ಲು ಬೆಂದರೆ 56 ಕೆಜಿ ಸುಣ್ಣ ಉಳಿದು 44 ಕೆಜಿ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಗೂಡನ್ನು ನಾಳೆ ಪೂರ್ತಿ ಸೌರವಿದ್ಯುತ್ತಿನಿಂದಲೇ ಕಾಯಿಸಿದರೂ ಈ 44 ಕೆಜಿ ತಪ್ಪುವುದಿಲ್ಲ. ಹಾಗಾಗಿ ಏನೂ ಬೆರೆಸದ ಒಪಿಸಿ ಸಿಮೆಂಟಿಗೆ, ಇಂಧನವೂ ಸೇರಿ, ಕೆಜಿಗೆ ಹೆಚ್ಚುಕಡಿಮೆ 0.9 ಕೆಜಿ ಇಂಗಾಲದ ಡೈಆಕ್ಸೈಡ್ ಎಂದು ಹಿಡಿಯಬಹುದು.

ಈಗ ಚದರದ ಲೆಕ್ಕ. 40 ಮೂಟೆ ಎಂದರೆ 2 ಟನ್ ಸಿಮೆಂಟು, ಅದಕ್ಕೆ 1.8 ಟನ್ ಇಂಗಾಲದ ಡೈಆಕ್ಸೈಡ್. ಕಬ್ಬಿಣದ ಅದಿರಿನಿಂದ, ಊದುಕುಲುಮೆಯ ದಾರಿಯಲ್ಲಿ ಬಂದ ಉಕ್ಕಿಗೆ ಕೆಜಿಗೆ ಎರಡೂವರೆ ಕೆಜಿ ಎಂದಿಟ್ಟುಕೊಂಡರೆ 400 ಕೆಜಿ ಕಂಬಿಗೆ 1 ಟನ್. ಗುಜರಿ ಕರಗಿಸಿ ಮಾಡಿದ ಕಂಬಿಯಾದರೆ ಇದು ಕಡಿಮೆಯಾಗುತ್ತದೆ, ಆದರೆ ಅಂಗಡಿಯಲ್ಲಿ ಕಂಬಿಯ ಕಟ್ಟು ನೋಡಿ ಅದರ ಮೂಲ ಹೇಳುವುದು ಕಷ್ಟ. ಇಟ್ಟಿಗೆಯ ಗೋಡೆಯಾದರೆ ಚದರಕ್ಕೆ 1,250 ಇಟ್ಟಿಗೆ ಎನ್ನೋಣ. ಮಾಲೂರಿನ ಕಡೆಯ ಸುಟ್ಟ ಇಟ್ಟಿಗೆ ಒಂದಕ್ಕೆ ಸುಮಾರು 4.25 ಮೆಗಾಜೂಲ್ ಶಾಖ ಬೇಕು. ಕಲ್ಲಿದ್ದಲಿನಿಂದ ಒಂದು ಮೆಗಾಜೂಲ್ ಪಡೆದರೆ ಸುಮಾರು 95 ಗ್ರಾಂ ಹೊಮ್ಮುತ್ತದೆ. ಗುಣಿಸಿ ನೋಡಿ, ಅರ್ಧ ಟನ್. ಎಲ್ಲ ಕೂಡಿದರೆ ಚದರಕ್ಕೆ 3.3 ಟನ್. ಟೈಲ್ಸು, ಗಾಜು, ಅಲ್ಯೂಮಿನಿಯಂ ಕಿಟಕಿ, ಪೇಂಟುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಮೊದಲ ಅಂದಾಜಿಗೆ ಸಿಮೆಂಟು, ಕಂಬಿ, ಗೋಡೆ ಈ ಮೂರು ಸಾಕು.

30–40 ಸೈಟಿನಲ್ಲಿ ನೆಲಮಹಡಿ, ಮೇಲೊಂದು ಮಹಡಿ ಸೇರಿ 16 ಚದರದ ಮನೆ ಎಂದರೆ ಸುಮಾರು 53 ಟನ್ ಆಯಿತು. ಇದು ದೊಡ್ಡದೋ ಸಣ್ಣದೋ ತಿಳಿಯಲು ಅದೇ ಮನೆಯ ಕರೆಂಟ್ ಬಿಲ್ಲು ತೆಗೆಯಿರಿ. ತಿಂಗಳಿಗೆ 200 ಯೂನಿಟ್, ವರ್ಷಕ್ಕೆ 2,400. ದೇಶದ ಗ್ರಿಡ್ಡಿನ ಸರಾಸರಿಯಲ್ಲಿ ಯೂನಿಟ್ಟಿಗೆ ಸುಮಾರು 700 ಗ್ರಾಂ ಹಿಡಿದರೆ ವರ್ಷಕ್ಕೆ 1.7 ಟನ್. ಅಂದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಮನೆಯಲ್ಲಿ ಕರೆಂಟು ಉರಿಸಿದರೆ ಆಗುವಷ್ಟು ಇಂಗಾಲವನ್ನು ಗೃಹಪ್ರವೇಶಕ್ಕೆ ಮುಂಚೆಯೇ ಮುಗಿಸಿರುತ್ತೇವೆ. ಚಳಿದೇಶಗಳ ಪಠ್ಯಪುಸ್ತಕ ಓದಿ ಬಂದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಅಲ್ಲಿ ವರ್ಷದ ಅರ್ಧ ಮನೆ ಬೆಚ್ಚಗಿಡಬೇಕು, ಬಳಕೆಯ ಇಂಗಾಲವೇ ಹೆಚ್ಚು. ಬೆಂಗಳೂರು, ಮೈಸೂರಿನ ಹವೆಯಲ್ಲಿ ಕಿಟಕಿ ತೆರೆದರೆ ಆಯಿತು. ಪಾವಗಡದ ಸೌರವಿದ್ಯುತ್ತು, ಗದಗ–ಚಿತ್ರದುರ್ಗದ ಗಾಳಿವಿದ್ಯುತ್ತು ಗ್ರಿಡ್ಡಿಗೆ ಸೇರುತ್ತ ಹೋದಂತೆ ಯೂನಿಟ್ಟಿನ 700 ಗ್ರಾಂ ಇಳಿಯುತ್ತದೆ, ಮೂವತ್ತು ವರ್ಷ ಎಂಬುದು ನಲವತ್ತು, ಐವತ್ತಾಗುತ್ತದೆ. ಹೀಗಿದ್ದೂ ನಮ್ಮ ಹಸಿರು ಕಟ್ಟಡದ ಮಾತುಕತೆಯೆಲ್ಲ ಎಲ್ಇಡಿ ಬಲ್ಬು, ಗಾಜಿನ ಗುಣಮಟ್ಟದ ಸುತ್ತಲೇ ಸುತ್ತುತ್ತಿದೆ.

ಇಂಗಾಲ ಎಂದರೆ ಪ್ರಮಾಣ ಗುಣಿಸು ದರ. ದರ, ಅಂದರೆ ಕೆಜಿ ಸಿಮೆಂಟಿಗೆ ಎಷ್ಟು ಎಂಬುದು, ಕಾರ್ಖಾನೆಯ ಕೈಲಿದೆ. ಪ್ರಮಾಣ, ಅಂದರೆ ಎಷ್ಟು ಸಿಮೆಂಟು ಎಂಬುದು, ನಕ್ಷೆ ಬರೆಯುವವರ ಕೈಲಿದೆ. ಪತ್ರಿಕೆಗಳಲ್ಲಿ ಬರುವುದು ದರದ ಸುದ್ದಿ: ಹೊಸ ಸಿಮೆಂಟು, ಹೊಸ ಉಕ್ಕು, ಹೊಸ ಲೇಬಲ್ಲು. ಪ್ರಮಾಣದ ಸುದ್ದಿ ಬರುವುದಿಲ್ಲ, ಏಕೆಂದರೆ ಅದನ್ನು ಮಾರಲು ಯಾರೂ ಇಲ್ಲ.

ಪ್ರಮಾಣ ನಿಶ್ಚಯವಾಗುವುದು ಯಾವಾಗ? ಮಾಲೀಕರು ‘ಹಾಲ್ ದೊಡ್ಡದಾಗಿರಲಿ, ನಡುವೆ ಪಿಲ್ಲರ್ ಬೇಡ’ ಎಂದ ಕ್ಷಣದಲ್ಲಿ. ತಾರಸಿಯ ಒಂದು ಅಂಕಣ 12 ಅಡಿಯಿದ್ದದ್ದು 18 ಅಡಿಯಾದರೆ ಅಗಲ ಒಂದೂವರೆ ಪಟ್ಟು, ಆದರೆ ಸ್ಲ್ಯಾಬನ್ನು ಬಾಗಿಸುವ ಒತ್ತಡ ಅದರ ವರ್ಗ, ಅಂದರೆ 2.25 ಪಟ್ಟು. ಅದಕ್ಕೆ ತಕ್ಕಂತೆ ಸ್ಲ್ಯಾಬು ದಪ್ಪವಾಗುತ್ತದೆ, ಇಲ್ಲವೇ ಬೀಮು ಬರುತ್ತದೆ, ಕಂಬಿ ಏರುತ್ತದೆ, ಆ ಭಾರ ಹೊರಲು ಪಾಯವೂ ಬೆಳೆಯುತ್ತದೆ. 16 ಚದರದ ಸ್ಲ್ಯಾಬನ್ನು ಒಂದೇ ಒಂದು ಇಂಚು ದಪ್ಪ ಮಾಡಿ ನೋಡಿ: ಹೆಚ್ಚುಕಡಿಮೆ 3.8 ಘನ ಮೀಟರ್ ಕಾಂಕ್ರೀಟು, ಘನ ಮೀಟರಿಗೆ 7 ಮೂಟೆಯಂತೆ 1,300 ಕೆಜಿಗೂ ಮೇಲೆ ಸಿಮೆಂಟು, ಒಂದು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್. ಇದರಲ್ಲಿ ಕಂಬಿ ಸೇರಿಲ್ಲ.

ಇನ್ನೊಂದು ನಿರ್ಧಾರ ಕಾರ್ ಪಾರ್ಕಿಂಗ್. ಕೆಳಗೆ ಬರೀ ಪಿಲ್ಲರ್ ನಿಲ್ಲಿಸಿ ಕಾರಿಗೆ ಜಾಗ, ಮೇಲೆ ಮನೆ. ಹೀಗಾದೊಡನೆ ಮೇಲಿನ ಗೋಡೆಗಳು ನೆಲ ಮುಟ್ಟುವುದಿಲ್ಲ, ಗೋಡೆಯೇ ಭಾರ ಹೊರುವ ಕಟ್ಟಡದ ಸಾಧ್ಯತೆ ಅಲ್ಲಿಗೆ ಮುಗಿಯಿತು. ಎರಡಂತಸ್ತಿನ ಮನೆಗೆ ಕಾಂಕ್ರೀಟಿನ ಚೌಕಟ್ಟು ಬೇಕೇಬೇಕು ಎಂದೇನಿಲ್ಲ. ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳೆಲ್ಲ ಗೋಡೆಯ ಮೇಲೇ ನಿಂತವು. ಈಗ ಒಂದು ಕಾರಿಗಾಗಿ ಪಿಲ್ಲರು, ಪಿಲ್ಲರಿಗಾಗಿ ಬೀಮು, ಆಮೇಲೆ ಭಾರವನ್ನೇ ಹೊರದ ಗೋಡೆ. ವಾಸ್ತುವಿನ ಮೂಲೆಗಳಿಗೆ ನಮ್ಮವರು ಎರಡೆರಡು ತಿಂಗಳು ಚರ್ಚೆ ಮಾಡುತ್ತಾರೆ, ನನ್ನ ತಕರಾರೇನಿಲ್ಲ. ಅದರ ಒಂದು ಸಂಜೆಯನ್ನು ಗೋಡೆಯ ಮೇಲೆ ಗೋಡೆ ಬರುತ್ತದೆಯೇ ಎಂದು ನೋಡಲು ಕೊಟ್ಟರೆ ಸಾಕು.

ಮೇಸ್ತ್ರಿಗಳ ಮಾತೊಂದುಂಟು: ‘ಸಾರ್, ಸೇಫ್ಟಿಗೆ ಇರಲಿ, ಇನ್ನೆರಡು ಕಂಬಿ ಜಾಸ್ತಿ ಹಾಕೋಣ.’ ಮಾಲೀಕರಿಗೆ ಖುಷಿ, ಎಂಜಿನಿಯರಿಗೆ ನೆಮ್ಮದಿ. ಲೆಕ್ಕ ಹಾಕಿ ಡ್ರಾಯಿಂಗ್ ಕೊಟ್ಟ ಮೇಲೂ ಸೈಟಿನಲ್ಲಿ ಹೀಗೆ ಸೇರಿಕೊಳ್ಳುವ ಕಂಬಿಯನ್ನು ಯಾವ ಹಸಿರು ಸರ್ಟಿಫಿಕೇಟೂ ಹಿಡಿಯುವುದಿಲ್ಲ. ಒಳ್ಳೆಯ ಸ್ಟ್ರಕ್ಚರಲ್ ಎಂಜಿನಿಯರನ್ನು ಮೊದಲ ದಿನವೇ ಕರೆಸಿ, ಸ್ಕೆಚ್ಚಿನ ಮೇಲೆ ಕೂರಿಸಿ, ಆತ ಕೊಟ್ಟ ಡ್ರಾಯಿಂಗನ್ನು ನಂಬುವುದೇ ಇದಕ್ಕೆ ಮದ್ದು. ನಮ್ಮಲ್ಲಿ ಅವರನ್ನು ಕರೆಯುವುದು ಎಲಿವೇಷನ್ ಓಕೆ ಆದ ಮೇಲೆ, ‘ಹೀಗಿದೆ, ನಿಲ್ಲಿಸಿಕೊಡಿ’ ಎನ್ನಲು.

ಈ ಲೆಕ್ಕ ನಮಗೆ ಹೊರಗಿನಿಂದ ಬಂದ ವಿದ್ಯೆಯಲ್ಲ. 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರ ಮುಂದಾಳುತನದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಗುಂಪು ಶುರುವಾಯಿತು. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ಅದರ ಗುರಿ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕೇಂದ್ರವಿತ್ತು. ಅಸ್ತ್ರ ಒಲೆಯ ಹೆಸರು ನಿಮ್ಮಲ್ಲಿ ಹಿರಿಯರಿಗೆ ನೆನಪಿರುತ್ತದೆ. ಅದೇ ಗುಂಪಿನ ಪ್ರೊ. ಕೆ.ಎಸ್. ಜಗದೀಶ್, ಪ್ರೊ. ಬಿ.ವಿ. ವೆಂಕಟರಾಮ ರೆಡ್ಡಿ ಮುಂತಾದವರು ಒಲೆಯ ಕಟ್ಟಿಗೆಯನ್ನು ಲೆಕ್ಕ ಹಾಕಿದ ಶಿಸ್ತಿನಲ್ಲೇ ಗೋಡೆಯೊಳಗಿನ ಇಂಧನವನ್ನೂ ಲೆಕ್ಕ ಹಾಕಿದರು. ಈ ಇಬ್ಬರು 2003ರಲ್ಲಿ ಪ್ರಕಟಿಸಿದ ಪ್ರಬಂಧದ ಕೋಷ್ಟಕಗಳು ಇಂದಿಗೂ ನನ್ನ ಮೇಜಿನ ಮೇಲಿವೆ. ಸುಟ್ಟ ಇಟ್ಟಿಗೆಯ ಗೋಡೆಗೆ ಘನ ಮೀಟರಿಗೆ 2,141 ಮೆಗಾಜೂಲ್, ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಬ್ಲಾಕಿನ ಗೋಡೆಗೆ 646ರಿಂದ 810. ಆರ್‌ಸಿಸಿ ತಾರಸಿಗೆ ಚದರ ಮೀಟರಿಗೆ 730, ಅದರಲ್ಲೇ ಮಣ್ಣಿನ ಬ್ಲಾಕು ಹುದುಗಿಸಿದ ಫಿಲ್ಲರ್ ಸ್ಲ್ಯಾಬಿಗೆ 590, ಮಂಗಳೂರು ಹೆಂಚಿನ ಮಾಡಿಗೆ 227. ಇಡೀ ಕಟ್ಟಡವಾದರೆ ಕಾಂಕ್ರೀಟು ಚೌಕಟ್ಟಿನ ಬಹುಮಹಡಿಗೆ ಚದರ ಮೀಟರಿಗೆ 4.21 ಗಿಗಾಜೂಲ್, ಇಟ್ಟಿಗೆ ಗೋಡೆಯೇ ಭಾರ ಹೊತ್ತ ಕಟ್ಟಡಕ್ಕೆ 2.92, ಮಣ್ಣಿನ ಬ್ಲಾಕಿನ ಎರಡಂತಸ್ತಿನ ಮನೆಗೆ 1.61. ಬಹುಮಹಡಿ ಕಟ್ಟಡವನ್ನು ಎರಡಂತಸ್ತಿನ ಮನೆಯ ಪಕ್ಕ ನಿಲ್ಲಿಸಿ ತೂಗುವುದು ಪೂರಾ ನ್ಯಾಯವಲ್ಲ. ಆದರೂ ಒಂದು ನಗರ ಯಾವ ದಾರಿ ಹಿಡಿದರೆ ಏನಾಗುತ್ತದೆ ಎಂಬುದು ಅದರಿಂದ ಕಾಣುತ್ತದೆ.

ಒಂದು ಎಚ್ಚರಿಕೆ. ಅವರು ಎಣಿಸಿದ್ದು ಇಂಧನವನ್ನು. ಇಂಧನದ ಲೆಕ್ಕದಲ್ಲಿ ಸುಣ್ಣದಕಲ್ಲಿನಿಂದ ಹಾರಿಹೋದ ಆ 44 ಕೆಜಿ ಕಾಣಿಸುವುದಿಲ್ಲ. ಆ ಕೋಷ್ಟಕದಲ್ಲಿ ಸಿಮೆಂಟಿಗಿರುವ ಕೆಜಿಗೆ 5.85 ಮೆಗಾಜೂಲ್ ಎಂಬ ಅಂಕಿಗಿಂತ ಇಂದಿನ ಗೂಡುಗಳು ಕಡಿಮೆ ಇಂಧನದಲ್ಲೇ ಕೆಲಸ ಮಾಡುತ್ತವೆ. ಹಳೆಯ ಅಂಕಿ ಬಳಸುವವರು ಇಸವಿ ನೋಡಿ ಬಳಸಬೇಕು.

ಮಣ್ಣಿನ ಬ್ಲಾಕಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇದನ್ನು ಹೊಗಳುವವರು ಬಹಳ, ಸರಿಯಾಗಿ ಮಾಡುವವರು ಕಡಿಮೆ. ಪಾಯ ತೋಡಿದಾಗ ಬರುವ ಕೆಂಪು ಮಣ್ಣಿನ ಮೇಲುಪದರ, ಬೇರು ಬಿಳಲಿರುವ ಭಾಗ ತೆಗೆದು ಕೆಳಗಿನದನ್ನು ಜರಡಿ ಹಿಡಿಯಬೇಕು. ಜೇಡಿ ಹೆಚ್ಚಿದ್ದರೆ ಬ್ಲಾಕು ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಹಾಗಾಗಿ ಮರಳೋ ಕ್ವಾರಿಯ ಪುಡಿಯೋ ಬೆರೆಸಿ ಜೇಡಿಯ ಅಂಶವನ್ನು ನೂರಕ್ಕೆ ಹತ್ತು–ಹದಿನೈದಕ್ಕೆ ಇಳಿಸಬೇಕು. ಅದಕ್ಕೆ ನೂರಕ್ಕೆ ಆರರಿಂದ ಎಂಟು ಭಾಗ ಸಿಮೆಂಟು ಒಣಗಿದ್ದಾಗಲೇ ಕಲಸಿ, ಆಮೇಲೆ ನೀರು ಚಿಮುಕಿಸಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಕೈಗೆ ಮೆತ್ತಬಾರದು. ಅದನ್ನು ತೂಗಿ ಅಚ್ಚಿಗೆ ಹಾಕಿ, ಮುಚ್ಚಳ ಹಾಕಿ, ಇಬ್ಬರು ಸನ್ನೆಕೋಲನ್ನು ಎಳೆದರೆ 230×190×100 ಮಿಲಿಮೀಟರಿನ ಬ್ಲಾಕು ಮೇಲೆ ಬರುತ್ತದೆ. ಅಂಚು ಮುರಿಯದಂತೆ ಎತ್ತಿ, ಸಾಲಾಗಿ ಪೇರಿಸಿ, ಹುಲ್ಲು ಅಥವಾ ಗೋಣಿ ಹೊದಿಸಿ ಮೂರು–ನಾಲ್ಕು ವಾರ ನೀರುಣಿಸಬೇಕು. ಇಂಥ ಒಂದು ಬ್ಲಾಕಿಗೆ 2.6ರಿಂದ 3.5 ಮೆಗಾಜೂಲ್. ಗಾತ್ರದಲ್ಲಿ ಅದು ಎರಡೂವರೆ ಇಟ್ಟಿಗೆಗೆ ಸಮ, ಅಷ್ಟು ಇಟ್ಟಿಗೆಗೆ ಹತ್ತಕ್ಕೂ ಹೆಚ್ಚು.

ಕೆಡುವುದು ಎಲ್ಲಿ? ಮಣ್ಣು ಪರೀಕ್ಷೆ ಮಾಡಿಸದೆ, ‘ಗಟ್ಟಿಯಾಗಲಿ’ ಎಂದು ಸಿಮೆಂಟನ್ನು ಹನ್ನೆರಡು ಭಾಗಕ್ಕೆ ಏರಿಸುತ್ತಾರೆ. ಆಮೇಲೆ ‘ಮಣ್ಣಿನ ಮನೆ ಅಂತಾರೆ’ ಎಂದು ಎರಡೂ ಕಡೆ ಸಿಮೆಂಟು ಗಾರೆ ಬಳಿಯುತ್ತಾರೆ. ಉಳಿಸಿದ್ದೆಲ್ಲ ಗಾರೆಯಲ್ಲಿ ಹೋಯಿತು. ಉತ್ತರ ಕರ್ನಾಟಕದ ಎರೆಮಣ್ಣಿಗೆ ಈ ಪಾಕ ಹೊಂದುವುದಿಲ್ಲ, ಅಲ್ಲಿ ಸುಣ್ಣ ಬೇಕು, ಇಲ್ಲವೇ ಕಲ್ಲಿನ ಗೋಡೆಯೇ ಲೇಸು. ಕರಾವಳಿಯಲ್ಲಿ ಕೆಂಪುಕಲ್ಲು ಇರುವಾಗ ಇದರ ಮಾತೇ ಬೇಡ, ಕಡಿದ ಕಲ್ಲಿಗೆ ಸುಡುವ ಖರ್ಚಿಲ್ಲ.

‘ಸ್ಥಳೀಯ ಸಾಮಗ್ರಿ ಬಳಸಿ’ ಎಂಬ ಉಪದೇಶವನ್ನೂ ಸ್ವಲ್ಪ ತೂಗಿ ನೋಡಬೇಕು. ಅದೇ 2003ರ ಪ್ರಬಂಧದ ಪ್ರಕಾರ ಸಿಮೆಂಟು, ಉಕ್ಕನ್ನು ಲಾರಿಯಲ್ಲಿ ಸಾಗಿಸಲು ಟನ್ನಿಗೆ ಕಿಲೋಮೀಟರಿಗೆ ಸುಮಾರು 1 ಮೆಗಾಜೂಲ್. ವಾಡಿಯಿಂದ ಬೆಂಗಳೂರಿಗೆ 600 ಕಿಲೋಮೀಟರ್ ಎಂದುಕೊಂಡರೂ ಟನ್ ಸಿಮೆಂಟಿಗೆ 600, ತಯಾರಿಕೆಯ 5,850ರ ಮುಂದೆ ಹತ್ತರಲ್ಲೊಂದು. ಹತ್ತಿರದ ಸಿಮೆಂಟು ಎಂಬುದರಿಂದ ದೊಡ್ಡ ಲಾಭವಿಲ್ಲ. ಮರಳು, ಜಲ್ಲಿ, ಸೈಜುಗಲ್ಲಿಗೆ ಮಾತ್ರ ಮಾತು ಬೇರೆ. ಅವುಗಳಲ್ಲಿ ಸುಡುವುದೇನೂ ಇಲ್ಲ, ಹೆಚ್ಚಿನ ಖರ್ಚೆಲ್ಲ ಲಾರಿಯದೇ. ದೂರದ ಊರಿನಿಂದ ಬರುವ ಕಲ್ಲನ್ನು ‘ನೈಸರ್ಗಿಕ’ ಎಂದು ಕೊಂಡು ತಂದರೆ ನೈಸರ್ಗಿಕವಾದದ್ದು ಕಲ್ಲು ಮಾತ್ರ.

ಇನ್ನು ದರ ತಗ್ಗಿಸುವ ಮಾತು. ಇಲ್ಲಿ ಸುಲಭದ್ದು ಪಿಪಿಸಿ ಎಂಬ ಬೆರಕೆ ಸಿಮೆಂಟು. ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿಯನ್ನು ನೂರಕ್ಕೆ 35ರವರೆಗೆ ಬೆರೆಸಲು ನಮ್ಮ ಮಾನಕದಲ್ಲೇ ಅವಕಾಶವಿದೆ. ಸುಮಾರು ಮೂವತ್ತು ಭಾಗ ಬೆರೆತರೂ ಚದರಕ್ಕೆ ಅರ್ಧ ಟನ್ ಉಳಿಯುತ್ತದೆ, ಬೆಲೆಯೂ ಏರುವುದಿಲ್ಲ. ಕಂಟ್ರಾಕ್ಟರ್‌ಗಳು ಒಪಿಸಿ ಕೇಳುವುದು ಸೆಂಟ್ರಿಂಗ್ ಬೇಗ ಬಿಚ್ಚಬಹುದೆಂದು. ಪಿಪಿಸಿಗೆ ಕ್ಯೂರಿಂಗ್ ಚೆನ್ನಾಗಿ ಆಗಬೇಕು, ಸ್ವಲ್ಪ ತಾಳ್ಮೆಯೂ ಬೇಕು. ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಯ ಕಿಟ್ಟವನ್ನು ಅರೆದು ಬೆರೆಸಿದರೆ ಇನ್ನೂ ಕಡಿಮೆ. ಆದರೆ ಕಿಟ್ಟ ಎಷ್ಟು ಸಿಗುತ್ತದೆ ಎಂಬುದನ್ನು ತೀರ್ಮಾನಿಸುವುದು ಉಕ್ಕಿನ ಮಾರುಕಟ್ಟೆ, ನಮ್ಮ ಹಸಿರು ಉತ್ಸಾಹವಲ್ಲ. ಒಂದು ಕಟ್ಟಡ ಹೆಚ್ಚು ಎಳೆದುಕೊಂಡರೆ ಇನ್ನೊಂದಕ್ಕೆ ಕಡಿಮೆ, ಊರಿನ ಒಟ್ಟು ಲೆಕ್ಕ ಅಲ್ಲಿಗಲ್ಲಿಗೇ. ಅದಕ್ಕೇ ನನಗೆ ಹೆಚ್ಚು ಭರವಸೆ ಇರುವುದು ಸುಟ್ಟ ಜೇಡಿ–ಸುಣ್ಣದಕಲ್ಲಿನ ಸಿಮೆಂಟಿನ ಮೇಲೆ. ಅದರಲ್ಲಿ ಕ್ಲಿಂಕರ್ ಅರ್ಧ, ಉಳಿದರ್ಧ 700–800 ಡಿಗ್ರಿಯಲ್ಲಿ ಸುಟ್ಟ ಜೇಡಿ, ಸುಡದ ಸುಣ್ಣದಕಲ್ಲಿನ ಪುಡಿ, ಸ್ವಲ್ಪ ಜಿಪ್ಸಮ್. ಜೇಡಿಗೆ ಬರವಿಲ್ಲ. ಸ್ವಿಟ್ಜರ್ಲೆಂಡಿನ ಕರೆನ್ ಸ್ಕ್ರೈವ್ನರ್ ಅವರ ತಂಡದ ಜೊತೆ ದಿಲ್ಲಿ, ಮದ್ರಾಸು ಐಐಟಿಗಳೂ ಇದರ ಮೇಲೆ ಕೆಲಸ ಮಾಡಿವೆ. 2023ರಲ್ಲಿ ಭಾರತೀಯ ಮಾನಕವೂ ಬಂದಿದೆ.

ವಿದ್ಯಾರ್ಥಿಗಳು ಕೇಳಬಹುದು: ಅಂಕಿಗಳೇ ಹೀಗೆ ಅಲುಗಾಡುತ್ತಿರುವಾಗ ಅಂದಾಜಿಗೆ ಅರ್ಥವೇನು? ಒಂದೇ ಮನೆಗೆ ಮೂರು ಸ್ಕೆಚ್ ಮಾಡಿ. ಪ್ರತಿಯೊಂದಕ್ಕೂ ಸ್ಲ್ಯಾಬಿನ ವಿಸ್ತೀರ್ಣ, ದಪ್ಪ, ಗೋಡೆಯ ಅಳತೆ, ಕಂಬಿಯ ಅಂದಾಜು ಬರೆದು ಗುಣಿಸಿ. ಸಿಮೆಂಟಿನ ದರ 0.9 ಅಲ್ಲ, 0.8 ಎಂದು ನಾಳೆ ಗೊತ್ತಾದರೆ ಮೂರರಲ್ಲೂ ಇಳಿಯುತ್ತದೆ. ಯಾವುದು ಹೆಚ್ಚು, ಯಾವುದು ಕಡಿಮೆ ಎಂಬ ಕ್ರಮ ಸಾಮಾನ್ಯವಾಗಿ ಅಲುಗುವುದಿಲ್ಲ. ಇಟ್ಟಿಗೆಗೂ ಮಣ್ಣಿನ ಬ್ಲಾಕಿಗೂ ಹೋಲಿಸುವಾಗ ಮಾತ್ರ ಇಟ್ಟಿಗೆಗೂಡಿನಲ್ಲಿ ಉರಿದದ್ದು ಕಲ್ಲಿದ್ದಲೋ ನೀಲಗಿರಿ ಸೌದೆಯೋ ಎಂದು ವಿಚಾರಿಸಬೇಕು. ದಶಮಾಂಶದ ಮೂರನೇ ಸ್ಥಾನದವರೆಗೆ ಇಂಗಾಲ ಹೇಳುವ ವರದಿ ಕಂಡರೆ ನನಗೆ ಅನುಮಾನವೇ ಹೆಚ್ಚು.

ಮೂರು ಸ್ಕೆಚ್ಚಿನ ಜೊತೆ ನಾಲ್ಕನೆಯದೂ ಇರಲಿ: ಏನೂ ಕಟ್ಟದಿರುವುದು. ಜಯನಗರದಲ್ಲಿ ಗಟ್ಟಿಮುಟ್ಟಾದ ನಲವತ್ತು ವರ್ಷದ ಮನೆಗಳನ್ನು ಒಡೆದು ಬಿಲ್ಡರ್ ಫ್ಲೋರ್ ಎಬ್ಬಿಸುತ್ತಿರುವುದು ನೋಡುತ್ತಿದ್ದೇವೆ. ಹಳೆಯ ಗೋಡೆ, ಪಾಯ ಉಳಿಸಿಕೊಂಡು ಅರ್ಧ ಹೊಸತು ಕಟ್ಟಿದರೂ ಚದರಕ್ಕೆ 3.3 ಟನ್ನಿನ ಎಷ್ಟೋ ಪಾಲು ಮಿಗುತ್ತದೆ. ಜಾಗದ ಬೆಲೆ ಇದಕ್ಕೆ ಬಿಡುವುದಿಲ್ಲ, ಗೊತ್ತು. ಮಕ್ಕಳು ವಿದೇಶದಲ್ಲಿದ್ದು ಇಬ್ಬರೇ ಇರುವ ಮನೆಗೆ ಇನ್ನಾರು ಚದರ ಸೇರಿಸುವ ಮೊದಲಾದರೂ ಕೇಳಿಕೊಳ್ಳಬಹುದಲ್ಲ.

ಡೆನ್ಮಾರ್ಕ್ 2023ರಲ್ಲಿ ಸಾವಿರ ಚದರ ಮೀಟರಿಗಿಂತ ದೊಡ್ಡ ಹೊಸ ಕಟ್ಟಡಗಳಿಗೆ ಇಂಗಾಲದ ಮಿತಿ ಹಾಕಿತು: ಆಗ ಅದು ಚದರ ಮೀಟರಿಗೆ ವರ್ಷಕ್ಕೆ 12 ಕೆಜಿ ಇತ್ತು, ಸಾಮಗ್ರಿಯೂ ಬಳಕೆಯೂ ಸೇರಿ. ಇಲ್ಲಿ ತಕ್ಷಣ ಅಂಥ ಕಾನೂನು ಬೇಕೆಂದು ನಾನು ಕೇಳುತ್ತಿಲ್ಲ. ಕೇಳುವುದು ಇಷ್ಟೇ: ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ, ಎಂಜಿನಿಯರುಗಳೆಲ್ಲ ಎಸ್‌ಆರ್ ಎಂದು ಕರೆಯುವ ಆ ಪುಸ್ತಕದಲ್ಲಿ, ರೂಪಾಯಿಯ ಪಕ್ಕ ಇನ್ನೊಂದು ಅಂಕಣ ಬರಲಿ. ಒಂದು ಘನ ಮೀಟರ್ ಕಾಂಕ್ರೀಟಿಗೆ ಸಿಮೆಂಟೆಷ್ಟು, ಜಲ್ಲಿಯೆಷ್ಟು ಎಂಬ ವಿಶ್ಲೇಷಣೆ ಮಾಡದೆ ದರ ಕಟ್ಟಲು ಆಗುವುದಿಲ್ಲ, ಅಂದರೆ ಪ್ರಮಾಣದ ಅರ್ಧ ಕೆಲಸ ಆಗಲೇ ಮುಗಿದಿದೆ. ಗುಣಿಸುವುದೊಂದೇ ಬಾಕಿ. ಶಾಲಾ ಕೊಠಡಿ, ಅಂಗನವಾಡಿಗಳ ಮಾದರಿ ನಕ್ಷೆಯಿಂದ ಶುರು ಮಾಡಬಹುದು, ಏಕೆಂದರೆ ಅಲ್ಲಿ ಒಂದೇ ನಕ್ಷೆ ಊರೂರಲ್ಲಿ ಕಟ್ಟಡವಾಗುತ್ತದೆ, ಒಮ್ಮೆ ತೆಗೆದ ಒಂದು ಇಂಚು ಸ್ಲ್ಯಾಬು ಅಷ್ಟೂ ಕಡೆ ಉಳಿಯುತ್ತದೆ. ಸಭೆಯಲ್ಲಿ ಇಲಾಖೆಯ ನಿವೃತ್ತ ಎಂಜಿನಿಯರುಗಳು ಕೆಲವರಿದ್ದೀರಿ. ಇದರಲ್ಲಿ ಎಲ್ಲಿ ತೊಡಕಾಗುತ್ತದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಪ್ರಶ್ನೋತ್ತರದಲ್ಲಿ ಅಲ್ಲಿಂದಲೇ ಶುರು ಮಾಡೋಣ.